ಫೈಲು ಯಾರ ಟೇಬಲ್ ಮೇಲಿದೆ? ಸರ್ಕಾರದ ಮೇಲೆ ಒತ್ತಡ ಬೀಳುವ ದಾರಿಗಳು, ನಾವು ಹಾಕುವ ಬಗೆ

2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಕೂತರು. ಟನ್ನಿಗೆ 3,500 ರೂಪಾಯಿ ಬೇಕು ಎಂದರು. ರಸ್ತೆಯಲ್ಲೇ ಊಟ, ರಸ್ತೆಯಲ್ಲೇ ನಿದ್ದೆ. ಒಂದು ವಾರ ದಾಟಿತು. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಂಗಳೂರಿನಲ್ಲಿ ಕಾರ್ಖಾನೆ ಮಾಲೀಕರನ್ನೂ ರೈತ ಮುಖಂಡರನ್ನೂ ಕರೆದು ಮಾತಾಡಿದರು. ಕೊನೆಗೆ ಹೊರಬಂದ ಲೆಕ್ಕ ಇದು: 11.25 ರಿಕವರಿಯ ಕಬ್ಬಿಗೆ (ಅಂದರೆ ನೂರು ಕಿಲೋ ಕಬ್ಬಿಗೆ 11.25 ಕಿಲೋ ಸಕ್ಕರೆ ಇಳಿಯುವಂಥದ್ದಕ್ಕೆ), ಕಟಾವು ಮತ್ತು ಸಾಗಣೆ ಖರ್ಚು ಬಿಟ್ಟು, ಟನ್ನಿಗೆ 3,300. ಅದರಲ್ಲಿ 3,250 ಕಾರ್ಖಾನೆಯದು, 50 ಸರ್ಕಾರದ್ದು.

ಎಲ್ಲರ ಕಣ್ಣು ರಸ್ತೆ ಮೇಲಿತ್ತು. ಅದೇ ವಾರ ಒಂದು ಕಾಗದ ದಿಲ್ಲಿಗೂ ಹೋಯಿತು. ಸಕ್ಕರೆಯ ಕನಿಷ್ಠ ಮಾರಾಟ ದರ ಏರಿಸಿ, ಪೆಟ್ರೋಲಿಗೆ ಬೆರೆಸುವ ಎಥೆನಾಲನ್ನು ನಮ್ಮ ರಾಜ್ಯದಿಂದ ಜಾಸ್ತಿ ಖರೀದಿಸಿ ಎಂದು ಮುಖ್ಯಮಂತ್ರಿ ಪ್ರಧಾನಿಗೆ ಬರೆದರು. ಆ ದರ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಆಗಿದ್ದು, ಅಲ್ಲೇ ನಿಂತಿತ್ತು. ಅದನ್ನು ಏರಿಸಿ ಎಂದು ವರ್ಷಗಳಿಂದ ಕೇಳುತ್ತಿದ್ದವರು ಯಾರು? ಸಕ್ಕರೆ ಕಾರ್ಖಾನೆಗಳ ಸಂಘದವರು. ರೈತರು ಹೊತ್ತಿಸಿದ ಒಲೆಯ ಮೇಲೆ ಕಾರ್ಖಾನೆಯವರೂ ತಮ್ಮ ಪಾತ್ರೆ ಇಟ್ಟರು. ಅದನ್ನು ತಪ್ಪು ಅನ್ನಲಾರೆ. ಸಕ್ಕರೆಗೆ ದರ ಸಿಕ್ಕರೆ ಕಬ್ಬಿಗೂ ಸಿಗಬಹುದು. ಆದರೆ ಆ ಪಾತ್ರೆಯನ್ನು ನೋಡದವನಿಗೆ ಅಡುಗೆ ಅರ್ಧ ಮಾತ್ರ ಕಾಣುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ರೈತ, ನೇಕಾರ, ಸಣ್ಣ ವ್ಯಾಪಾರಿ, ಹಳ್ಳಿಯ ಯುವಕ ಸಂಘದವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಸರ್ಕಾರದ ಒಂದು ತೀರ್ಮಾನದ ಹಿಂದೆ ಯಾರು ತಳ್ಳುತ್ತಿದ್ದಾರೆ ಎಂದು ಪತ್ತೆ ಮಾಡುವುದು ಹೇಗೆ? ನಾವೇ ತಳ್ಳಬೇಕಾದರೆ ಕೈ ಎಲ್ಲಿ ಇಡಬೇಕು?

ಹೆಜ್ಜೆ 1: ಕೀಲಿ ಯಾರ ಹತ್ತಿರ ಇದೆ ಅಂತ ಮೊದಲು ಕೇಳಿ

ನನ್ನದೇ ಕಥೆ ಹೇಳುತ್ತೇನೆ. ನಮ್ಮೂರು ಘಟಪ್ರಭಾ ದಂಡೆಯದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿಯೇ ಬರುತ್ತಿತ್ತು. ಹಾವು, ಚೇಳು, ಚಳಿ ಎಲ್ಲಾ ಸೇರಿ ಸಾಕಾಗಿ, ಹಗಲು ಕೊಡಿ ಎಂದು ಮನವಿ ಬರೆದೆವು. ಎಲ್ಲರೂ ಮಾಡುವ ಹಾಗೆ ತಾಲೂಕು ಕಚೇರಿಗೆ ಹೋದೆವು. ಸಾಹೇಬರು ಮನವಿ ತಗೊಂಡರು, ಫೋಟೋ ಆಯಿತು, ಮರುದಿನ ಪೇಪರಿನಲ್ಲೂ ಬಂತು. ಎರಡು ವರ್ಷ ಹೀಗೇ ಮೂರು ಸಲ ಫೋಟೋ ತೆಗೆಸಿಕೊಂಡೆವು. ನಾಲ್ಕನೇ ಸಲ ಹೊರಟಾಗ ನಮ್ಮ ಕಾಕಾ ಕಟ್ಟೆ ಮೇಲೆ ಕೂತು ಕೇಳಿದ: "ತಮ್ಮಾ, ಕರೆಂಟ್ ಬಿಡಾಂವ ಯಾರು? ಅವಾ ಏನ್ ತಹಶೀಲ್ದಾರನ ಕೈಯಾಗ ಅದಾನೇನು?"

ಇರಲಿಲ್ಲ. ಯಾವ ಫೀಡರಿಗೆ ಯಾವ ತಾಸು ಎಂದು ನಿಗದಿ ಮಾಡುವುದು ವಿದ್ಯುತ್ ಕಂಪನಿಯ ಕೆಲಸ. ಆ ಕಚೇರಿ ನಮ್ಮೂರಿನಿಂದ ತಹಶೀಲ್ದಾರ್ ಕಚೇರಿಗಿಂತ ಹತ್ತಿರವೇ ಇತ್ತು. ನಾವು ಹೋಗಿರಲಿಲ್ಲ, ಅಷ್ಟೇ.

ಈ ತಪ್ಪನ್ನು ದೊಡ್ಡ ದೊಡ್ಡ ಸಂಘಟನೆಗಳೂ ಮಾಡುತ್ತವೆ. ಹಾಗಾಗಿ ಒಂದು ಹಾಳೆ ತಗೊಂಡು, ವಿಷಯ ಬರೆದು, ಎದುರಿಗೆ ಕೀಲಿ ಇರುವವರ ಹೆಸರು ಬರೆಯಿರಿ.

ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ನಿಗದಿ ಮಾಡುವುದು ಕೇಂದ್ರ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಂಪುಟದ ಆರ್ಥಿಕ ಸಮಿತಿ ಒಪ್ಪುತ್ತದೆ. ಡಿಸಿ ಕೈಯಲ್ಲಿ ಅದನ್ನು ಏರಿಸುವ ಅಧಿಕಾರ ಇಲ್ಲ. ಆದರೆ ಬಾಕಿ ಬಿಲ್ ವಸೂಲಿ, ಕಾಟಾ (ತೂಕದ ಯಂತ್ರ) ತಪಾಸಣೆ, ಮಾಲೀಕರನ್ನು ಮಾತಿಗೆ ಕೂರಿಸುವುದು ಡಿಸಿ ಕೈಯಲ್ಲಿದೆ. ಕರೆಂಟ್ ದರ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ್ದು. ನಮ್ಮ ಮೂರೂ ಜಿಲ್ಲೆ ಹೆಸ್ಕಾಂ ಎಂಬ ವಿದ್ಯುತ್ ಕಂಪನಿಯ ವ್ಯಾಪ್ತಿಗೆ ಬರುತ್ತವೆ. ಹೆಸ್ಕಾಂ ದರ ಕೇಳುತ್ತದೆ, ಆಯೋಗ ಕೊಡುತ್ತದೆ. ರೈಲು ದಿಲ್ಲಿಯದು, ಆದರೆ ಅದಕ್ಕೆ ಜಮೀನು ಕೊಡಿಸುವುದು ರಾಜ್ಯ. 2010-11ರಲ್ಲಿ ಮಂಜೂರಾದ ಬಾಗಲಕೋಟೆ–ಕುಡಚಿ ಮಾರ್ಗ ಇಷ್ಟು ವರ್ಷ ಎಳೆದಾಡಿದ್ದರಲ್ಲಿ ಭೂಸ್ವಾಧೀನದ ಪಾಲು ದೊಡ್ಡದು. ರೈಲು ಮಂತ್ರಿಗೆ ಮಾತ್ರ ಮನವಿ ಕೊಟ್ಟರೆ ಅರ್ಧ ಕೆಲಸ ಉಳಿಯುತ್ತದೆ.

ಆಲಮಟ್ಟಿಯ ವಿಷಯ ಇನ್ನೂ ಸಿಕ್ಕು. ಅಣೆಕಟ್ಟನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲೇ ಒಪ್ಪಿತ್ತು. ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಬರಬೇಕು. ಅದು ಸುಪ್ರೀಂ ಕೋರ್ಟಿನ ಕಟ್ಟೆಯಲ್ಲಿ ಸಿಕ್ಕಿಕೊಂಡಿತು. ಮುಳುಗುವ ಜಮೀನಿನ ಪರಿಹಾರ ಮಾತ್ರ ರಾಜ್ಯದ ಕೈಯಲ್ಲಿದೆ. ಸಂತ್ರಸ್ತರ ಸಂಘಟನೆಗಳು ವರ್ಷಗಟ್ಟಲೆ ಅಲ್ಲೇ ಬಿಗಿ ಹಿಡಿದು ಕೂತವು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಒಪ್ಪಿತು. ಗೆಜೆಟ್ ಅಲುಗದಿದ್ದರೂ ಪರಿಹಾರದ ದರ ಮುಂದಕ್ಕೆ ಹೋಯಿತು, ಯಾಕೆಂದರೆ ಅದರ ಕೀಲಿ ಬೆಂಗಳೂರಿನಲ್ಲಿತ್ತು.

ಹೆಜ್ಜೆ 2: ಆ ಕಡೆಯಿಂದ ಯಾರು ತಳ್ಳುತ್ತಿದ್ದಾರೆ?

ಒತ್ತಡ ಗುಂಪು ಎಂದರೆ ನಮಗೆ ಹಸಿರು ಶಾಲು, ಮೈಕು, ರಸ್ತಾ ರೋಖೋ ನೆನಪಾಗುತ್ತದೆ. ಶಾಲು ಹಾಕದ ಗುಂಪುಗಳೇ ಜಾಸ್ತಿ. ಕಾರ್ಖಾನೆಗಳ ಸಂಘ, ವಾಣಿಜ್ಯೋದ್ಯಮ ಸಂಘ, ಜಾತಿ ಸಂಘ, ಮಠ, ಸರ್ಕಾರಿ ನೌಕರರ ಸಂಘ, ಗುತ್ತಿಗೆದಾರರ ಸಂಘ, ಯೋಜನಾ ವರದಿ ಬರೆದುಕೊಡುವ ಕನ್ಸಲ್ಟೆಂಟ್ ಕಂಪನಿ. ಕೆಲವು ಸಲ ಪಕ್ಕದ ರಾಜ್ಯ. ಆಲಮಟ್ಟಿ ಎತ್ತರವಾದರೆ ಸಾಂಗಲಿ, ಕೊಲ್ಹಾಪುರ ಮುಳುಗುತ್ತವೆ ಎಂದು ಮಹಾರಾಷ್ಟ್ರದವರು ಪಕ್ಷಭೇದ ಇಲ್ಲದೆ ದಿಲ್ಲಿಯಲ್ಲಿ ಕೂಗುತ್ತಾರೆ. 2019ರ ಪ್ರವಾಹ ಕಂಡ ಅಲ್ಲಿಯ ಜನರ ಭಯ ಸುಳ್ಳಲ್ಲ, ನಮ್ಮ ಭಾಗದ ಹೊಲದ ಬಾಯಾರಿಕೆಯೂ ಸುಳ್ಳಲ್ಲ.

ನಮ್ಮ ಕಡೆಯದೇ ಒಂದು ವಿಶೇಷವಿದೆ. ಪುಸ್ತಕದಲ್ಲಿ "ಹೊರಗಿನ ಹಿತಾಸಕ್ತಿ" ಎಂದು ಓದುತ್ತೇವೆ. ಬೆಳಗಾವಿ, ಬಾಗಲಕೋಟೆಯಲ್ಲಿ ಆ ಹೊರಗಿನವರು ಎಷ್ಟೋ ಸಲ ಒಳಗೇ ಕೂತಿರುತ್ತಾರೆ. ಸಕ್ಕರೆ ಕಾರ್ಖಾನೆಯ ಒಡೆತನ, ಸಹಕಾರಿ ಬ್ಯಾಂಕಿನ ಗದ್ದುಗೆ, ಶಾಸಕರ ಕುರ್ಚಿ ಈ ಮೂರೂ ಒಂದೇ ಮನೆಯಲ್ಲಿ ಇರುವುದು ಇಲ್ಲಿ ಹೊಸದಲ್ಲ, ಪಕ್ಷ ಯಾವುದೇ ಇರಲಿ. ಹಾಗಾಗಿ ಕಬ್ಬಿನ ಚರ್ಚೆಯಲ್ಲಿ ಯಾರಾದರೂ ಸದನದಲ್ಲಿ ಜೋರಾಗಿ ರೈತರ ಪರ ಮಾತಾಡಿದರೆ ನಾನು ಒಂದು ಕ್ಷಣ ನಿಲ್ಲುತ್ತೇನೆ. ಅವರ ಚುನಾವಣಾ ಅಫಿಡವಿಟ್ ತೆಗೆದು ಆಸ್ತಿ ಪುಟ ನೋಡುತ್ತೇನೆ. ಅದು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರಿಗೂ ಸಿಗುತ್ತದೆ. ಐದು ನಿಮಿಷದ ಕೆಲಸ.

ಸದ್ದಿಲ್ಲದ ಒತ್ತಡ ಎಷ್ಟು ಬೇಗ ಕೆಲಸ ಮಾಡುತ್ತದೆ ಎನ್ನುವುದಕ್ಕೆ 2023ರ ಡಿಸೆಂಬರ್ ನೋಡಿ. ಏಳನೇ ತಾರೀಕು ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡಬೇಡಿ ಎಂದು ಆದೇಶ ಹೊರಡಿಸಿತು. ಸಕ್ಕರೆ ಕಡಿಮೆ ಬೀಳುವ ಭಯ ಅದಕ್ಕೆ. ಕಾರ್ಖಾನೆಯವರು ಡಿಸ್ಟಿಲರಿಗೆ ಹಾಕಿದ ದುಡ್ಡಿನ ಲೆಕ್ಕ ಹಿಡಿದು ದಿಲ್ಲಿಯ ಬಾಗಿಲು ತಟ್ಟಿದರು. ಒಂದು ವಾರದ ಮೇಲೆ ಆದೇಶ ಸಡಿಲವಾಯಿತು. 17 ಲಕ್ಷ ಟನ್ ಸಕ್ಕರೆಯ ಮಿತಿ ಹಾಕಿ ಎಥೆನಾಲಿಗೆ ಬಿಟ್ಟರು. ಒಂದು ಬಸ್ಸೂ ನಿಲ್ಲಲಿಲ್ಲ, ಒಂದು ಟೈರೂ ಸುಡಲಿಲ್ಲ.

ಇದನ್ನು ಪತ್ತೆ ಮಾಡುವುದು ಹೇಗೆ? ಅಮೆರಿಕದಲ್ಲಿ ಲಾಬಿ ಮಾಡುವವರು ಹೆಸರು ನೋಂದಾಯಿಸಬೇಕು, ಖರ್ಚು ತೋರಿಸಬೇಕು. ಭಾರತದಲ್ಲಿ ಅಂಥ ಕಾನೂನು ಇಲ್ಲ. ಯಾರು ಯಾವ ಮಂತ್ರಿಯನ್ನು ಯಾಕೆ ಭೇಟಿಯಾದರು ಎಂಬ ಪಟ್ಟಿ ನಮಗೆ ಸಿಗುವುದಿಲ್ಲ. ಕಂಡಿಯಲ್ಲಿ ನೋಡಬೇಕು. ಪಕ್ಷಗಳು 20,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯ ಪಟ್ಟಿಯನ್ನು ಚುನಾವಣಾ ಆಯೋಗಕ್ಕೆ ಕೊಡಬೇಕು, ಅದು ಒಂದು ಕಂಡಿ. ಚುನಾವಣಾ ಬಾಂಡ್ 2018ರಿಂದ ಆ ಕಂಡಿಯನ್ನು ಮುಚ್ಚಿತ್ತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ ಮೇಲೆ ಹೆಸರುಗಳು ಹೊರಬಂದವು. ಇನ್ನೊಂದು ಕಂಡಿ ಕೈಗಾರಿಕಾ ಸಂಘಗಳ ಪತ್ರಿಕಾ ಹೇಳಿಕೆ. ಸುಮ್ನೆ ಅಂದುಕೊಳ್ಳಬೇಡಿ, ಆದೇಶ ಬರುವ ಮೂರು ತಿಂಗಳ ಹಿಂದಿನ ಹೇಳಿಕೆ ತೆಗೆದು ಆದೇಶದ ಪಕ್ಕ ಇಡಿ. ಕೆಲವು ಸಲ ಸಾಲುಗಳೇ ಹೊಂದುತ್ತವೆ.

ಮೂರನೆಯದು ಮಾಹಿತಿ ಹಕ್ಕು. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. "ಯಾರು ಒತ್ತಡ ಹಾಕಿದರು?" ಎಂದು ಕೇಳಿದರೆ "ಅಂಥ ಮಾಹಿತಿ ಲಭ್ಯವಿಲ್ಲ" ಎಂಬ ಉತ್ತರ ಖಚಿತ. ಕೇಳಬೇಕಾದ್ದು ಕಾಗದ: "ಇಂಥ ದಿನಾಂಕದ ಆದೇಶಕ್ಕೆ ಸಂಬಂಧಿಸಿದ ಕಡತದ ಟಿಪ್ಪಣಿ ಪುಟಗಳು, ಬಂದ ಮನವಿಗಳ ಪ್ರತಿ, ಸಭಾ ನಡವಳಿ, ಹಾಜರಾದವರ ಪಟ್ಟಿ." ಹಾಜರಾತಿ ಪಟ್ಟಿ ಅನ್ನುವುದು ಚಿನ್ನ. ಯಾರು ಕುರ್ಚಿ ಮೇಲಿದ್ದರು, ಯಾರು ಬಾಗಿಲ ಹೊರಗಿದ್ದರು ಎಂದು ಅದು ಹೇಳಿಬಿಡುತ್ತದೆ. ಅಂದಹಾಗೆ, ಜನರ ಮೇಲೆ ಪರಿಣಾಮ ಬೀರುವ ನೀತಿ ಮಾಡುವಾಗ ಅದರ ಸಂಗತಿಗಳನ್ನು ಸರ್ಕಾರವೇ ಪ್ರಕಟಿಸಬೇಕು ಎಂದು ಅದೇ ಕಾಯ್ದೆಯ 4ನೇ ಕಲಂ ಹೇಳುತ್ತದೆ. ಅರ್ಜಿಯಲ್ಲಿ ಆ ಕಲಮಿನ ಹೆಸರು ಹಾಕಿ, ಕಡತ ಸ್ವಲ್ಪ ಚುರುಕಾಗುತ್ತದೆ.

ಹೆಜ್ಜೆ 3: ಹದ ನೋಡಿ

ಮುಂಗಾರಿನ ಹದ ತಪ್ಪಿದ ಮೇಲೆ ಎಷ್ಟು ಬೀಜ ಚೆಲ್ಲಿದರೇನು? ಸರ್ಕಾರದ್ದೂ ಹಾಗೇ.

ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಬರುತ್ತದೆ. ಅದರ ಹಿಂದಿನ ವಾರಗಳಲ್ಲಿ ಮುಖ್ಯಮಂತ್ರಿ ರೈತ ಸಂಘ, ಕೈಗಾರಿಕಾ ಸಂಘದವರ ಜೊತೆ ಕೂರುತ್ತಾರೆ. ಅಷ್ಟೊತ್ತಿಗೆ ಇಲಾಖೆಗಳ ಪಟ್ಟಿ ಮುಕ್ಕಾಲು ತಯಾರಾಗಿರುತ್ತದೆ. ಬೇಡಿಕೆ ಡಿಸೆಂಬರಿನಲ್ಲೇ ಇಲಾಖೆಯ ಕೈ ಸೇರಿರಬೇಕು. ವಿದ್ಯುತ್ ದರದ್ದು ಬೇರೆ ಕ್ಯಾಲೆಂಡರ್. ಹೊಸ ದರಕ್ಕೆ ಅರ್ಜಿ ಹಾಕಿದ ಮೇಲೆ ಕಂಪನಿ ಪೇಪರಿನಲ್ಲಿ ನೋಟಿಸ್ ಕೊಟ್ಟು ಆಕ್ಷೇಪಣೆ ಕರೆಯಬೇಕು. 2003ರ ವಿದ್ಯುತ್ ಕಾಯ್ದೆ ಪ್ರಕಾರ ಅರ್ಜಿ ಬಂದ 120 ದಿನದಲ್ಲಿ ಆಯೋಗ ಆದೇಶ ಕೊಡಬೇಕು. ನೋಟಿಸಿನ ಗಡುವಿನೊಳಗೆ ಆಕ್ಷೇಪಣೆ ಕಳಿಸಿದವನಿಗೆ ವಿಚಾರಣೆಯಲ್ಲಿ ಮಾತಾಡುವ ಹಕ್ಕು ಗಟ್ಟಿ. ಏಪ್ರಿಲ್ ಬಿಲ್ ನೋಡಿ ಕೂಗುವವರು ಸಾವಿರ ಜನ, ನೋಟಿಸ್ ಓದಿದವರು ಎಷ್ಟು ಜನ?

ಹೊಸ ನಿಯಮ ಮಾಡುವಾಗ ಕರಡನ್ನು ಗೆಜೆಟ್‌ನಲ್ಲಿ ಹಾಕಿ ಆಕ್ಷೇಪಣೆ ಕರೆಯುವ ಪದ್ಧತಿ ಇದೆ. ಕೇಂದ್ರದ ಮಸೂದೆಗಳನ್ನು 30 ದಿನ ಜನರ ಮುಂದಿಡಬೇಕು ಎಂಬ ನೀತಿ 2014ರಿಂದ ಇದೆ, ಪಾಲನೆ ಅಷ್ಟಕ್ಕಷ್ಟೇ. ಕಬ್ಬಿನದು ಎಲ್ಲರಿಗೂ ಗೊತ್ತು: ಹಂಗಾಮು ಶುರುವಾಗುವ ಮುಂಚೆ. ಕಬ್ಬು ಒಣಗುತ್ತದೆ, ಕಾರ್ಖಾನೆಯ ಬಾಯ್ಲರ್ ಕಾಯುತ್ತದೆ, ಇಬ್ಬರಿಗೂ ಆತುರ. ಗುರ್ಲಾಪುರದ ಜಾಗ, ಸಮಯ ಎರಡೂ ಸರಿ ಬಿದ್ದಿದ್ದವು.

ಚುನಾವಣೆ ಹದ ಅನ್ನುವವರಿದ್ದಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ಲಿಂಗಾಯತರೊಳಗಿನ ಪಂಚಮಸಾಲಿಗಳ ಮೀಸಲಾತಿ ಹೋರಾಟ ನೋಡಿ. 2021ರ ಜನವರಿಯಲ್ಲಿ ಕೂಡಲಸಂಗಮದಿಂದ ಬೆಂಗಳೂರಿನವರೆಗೆ ಸ್ವಾಮೀಜಿ ಜೊತೆ ಜನ ನಡೆದರು. ಕೇಳಿದ್ದು ಹಿಂದುಳಿದ ವರ್ಗಗಳ ಪಟ್ಟಿಯ 2ಎ ಪ್ರವರ್ಗ. 2022ರ ಡಿಸೆಂಬರ್‌ನಲ್ಲಿ, ಚುನಾವಣೆಗೆ ಐದು ತಿಂಗಳಿದ್ದಾಗ, ಬೆಳಗಾವಿಯಲ್ಲೇ ನಡೆದ ಸಂಪುಟ ಸಭೆ ಲಿಂಗಾಯತರಿಗೆ 2ಡಿ ಎಂಬ ಹೊಸ ಪ್ರವರ್ಗ ಕೊಟ್ಟಿತು. 2023ರ ಮಾರ್ಚ್‌ನಲ್ಲಿ ಮುಸ್ಲಿಮರ 2ಬಿಯ ಶೇ 4 ತೆಗೆದು ಒಕ್ಕಲಿಗರು ಮತ್ತು ಲಿಂಗಾಯತರಿಗೆ ಶೇ 2ರಂತೆ ಹಂಚಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಸರ್ಕಾರವೇ ಹೇಳಬೇಕಾಯಿತು. 2024ರ ಡಿಸೆಂಬರ್ 10ರಂದು ಅದೇ ಬೇಡಿಕೆಗೆ ಸುವರ್ಣ ವಿಧಾನಸೌಧದ ಹತ್ತಿರ ಲಾಠಿ ಬೀಸಿತು. ಚುನಾವಣೆ ಹತ್ತಿರ ಬಂದಾಗ ಏನೋ ಒಂದು ಕೈಗೆ ಸಿಗುತ್ತದೆ. ಆದರೆ ಹಿಂದುಳಿದ ವರ್ಗಗಳ ಆಯೋಗದ ಅಂಕಿಅಂಶ ಗಟ್ಟಿ ಇಲ್ಲದಿದ್ದರೆ ಸಿಕ್ಕಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಜೊತೆಗೆ, ಅದನ್ನು ಯಾರ ತಟ್ಟೆಯಿಂದ ತೆಗೆದರು ಎನ್ನುವುದನ್ನೂ ನೋಡಬೇಕು, ಅಲ್ವಾ?

ಹೆಜ್ಜೆ 4: ಮನವಿ ಒಂದು ಪುಟ ಇರಲಿ, ಒಂದು ಲೆಕ್ಕ ಇರಲಿ

ನಮ್ಮ ಮನವಿಗಳನ್ನು ನೋಡಿ. ಹನ್ನೆರಡು ಬೇಡಿಕೆ, ಕೊನೆಗೆ "ಇಲ್ಲದಿದ್ದರೆ ಉಗ್ರ ಹೋರಾಟ". ಹನ್ನೆರಡು ಬೇಡಿಕೆ ಕೊಟ್ಟರೆ ಅಧಿಕಾರಿ ಅತಿ ಹಗುರವಾದದ್ದನ್ನು ಆರಿಸಿ "ಪರಿಶೀಲಿಸಲಾಗುವುದು" ಎಂದು ಬರೆದು ಮುಗಿಸುತ್ತಾನೆ. ಒಂದೇ ಕೇಳಿ. ಅದನ್ನು ಯಾವ ಕಾನೂನಿನ ಕೆಳಗೆ ಅವರೇ ಮಾಡಬಹುದು ಎಂದು ಹೇಳಿ. ಲೆಕ್ಕ ಹಾಕಿ ತೋರಿಸಿ.

ಲೆಕ್ಕ ಎಂದರೆ ಹೀಗೆ. 2025-26ರ ಹಂಗಾಮಿಗೆ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ, 10.25 ರಿಕವರಿಗೆ. ಅದರ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಜಾಸ್ತಿ. ನಿಮ್ಮ ಕಾರ್ಖಾನೆಯ ರಿಕವರಿ 11.25 ಆದರೆ ಹತ್ತು ಸಲ 3.46, ಅಂದರೆ 34.60. ಒಟ್ಟು 389.60. ಟನ್ನಿಗೆ 3,896. ಇದರಲ್ಲಿ ತೋಡಣಿ (ಕಟಾವು), ಸಾಗಣೆ ಖರ್ಚು ಕಳೆದು ಉಳಿದದ್ದು ಕೈಗೆ ಬರಬೇಕು. ಈಗ ನಿಮ್ಮ ಬಿಲ್ ತೆಗೆಯಿರಿ. ತೋಡಣಿ ಎಂದು ಎಷ್ಟು ಹಿಡಿದಿದ್ದಾರೆ? ರಿಕವರಿ ಎಷ್ಟು ತೋರಿಸಿದ್ದಾರೆ? ರಿಕವರಿಯನ್ನು 0.5ರಷ್ಟು ಇಳಿಸಿ ಬರೆದರೆ ಟನ್ನಿಗೆ 173 ರೂಪಾಯಿ ಹೋಯಿತು. "ದರ ಕಡಿಮೆ" ಎನ್ನುವುದಕ್ಕಿಂತ "ರಿಕವರಿ ಪರೀಕ್ಷೆಯಲ್ಲಿ ನಮ್ಮ ಪ್ರತಿನಿಧಿ ಇರಲಿ, ಕಾಟಾ ಹೊರಗಡೆ ಇರಲಿ" ಎನ್ನುವುದು ಎಷ್ಟೋ ಸಲ ಜಾಸ್ತಿ ದುಡ್ಡು ತರುತ್ತದೆ. ಬಿಲ್ 14 ದಿನದೊಳಗೆ ಬರಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಬಡ್ಡಿ ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಮನವಿ ಕೊಟ್ಟ ಮೇಲೆ ಟಪಾಲು ವಿಭಾಗಕ್ಕೆ ಹೋಗಿ ಇನ್‌ವರ್ಡ್ ನಂಬರ್, ಸೀಲು ಹಾಕಿಸಿಕೊಳ್ಳಿ. ಸಾಹೇಬರ ಕೈಗೆ ಕೊಟ್ಟ ಮನವಿ ಕಾರಿನ ಹಿಂದಿನ ಸೀಟಿನಲ್ಲಿ ಉಳಿಯುತ್ತದೆ. ನಂಬರ್ ಇದ್ದ ಮನವಿ ಕಡತವಾಗುತ್ತದೆ. ಒಂದು ತಿಂಗಳ ಮೇಲೆ ಆ ನಂಬರ್ ಹಿಡಿದು "ಕೈಗೊಂಡ ಕ್ರಮದ ಪ್ರತಿ ಕೊಡಿ" ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ವಿಷಯ ಊರಿನದಾದರೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಅದರ ದೃಢೀಕೃತ ಪ್ರತಿ ಲಗತ್ತಿಸಿ. ನೂರು ಸಹಿಗಿಂತ ಒಂದು ಠರಾವು ತೂಕ.

ಹೆಜ್ಜೆ 5: ಅಹವಾಲು ಸಭೆಗೆ ಊಟ ಮಾಡಿಕೊಂಡೇ ಹೋಗಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಸರ್ಕಾರ ಜನರನ್ನು ಕಾನೂನು ಪ್ರಕಾರ ಕೇಳಲೇಬೇಕಾದ ಜಾಗಗಳಲ್ಲಿ ಇದು ಬಹಳ ಮುಖ್ಯ, ಆದರೂ ನಾವು ಅತಿ ಹಗುರವಾಗಿ ತಗೊಳ್ಳುವುದು ಇದನ್ನೇ.

ದಿನಕ್ಕೆ 5,000 ಟನ್ ಅಥವಾ ಅದಕ್ಕಿಂತ ಹೆಚ್ಚು ಕಬ್ಬು ನುರಿಸುವ ಕಾರ್ಖಾನೆಗೆ 2006ರ ಪರಿಸರ ಅಧಿಸೂಚನೆ ಪ್ರಕಾರ ಪೂರ್ವಾನುಮತಿ ಬೇಕು. ಅದರ ಭಾಗವಾಗಿ ಸಾರ್ವಜನಿಕ ಅಹವಾಲು ಸಭೆ ಬರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ನಡೆಸುತ್ತದೆ. ಡಿಸಿ ಅಥವಾ ಅವರ ಪರವಾಗಿ ಅಪರ ಜಿಲ್ಲಾ ದಂಡಾಧಿಕಾರಿಗಿಂತ ಕಡಿಮೆಯಿಲ್ಲದವರು ಅಧ್ಯಕ್ಷರು. ಕನಿಷ್ಠ 30 ದಿನ ಮೊದಲು ಪೇಪರಿನಲ್ಲಿ ನೋಟಿಸ್ ಬರಬೇಕು. ಕಾರ್ಖಾನೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಹೇಳುವ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪೂರ್ತಿ ವರದಿ ನೋಡಲು ಸಿಗಬೇಕು. ಕೋರಂ ಇಲ್ಲ, ಅಂದರೆ ಹತ್ತೇ ಜನ ಬಂದರೂ ಸಭೆ ನಡೆದಂತೆ. ಪೂರ್ತಿ ವಿಡಿಯೋ ಆಗಬೇಕು. ಕೊನೆಗೆ ನಡವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು.

ನಾನು ನೋಡಿದ ಸಭೆಗಳು ಹೀಗಿರುತ್ತವೆ. ದೊಡ್ಡ ಪೆಂಡಾಲು. ಬಾಗಿಲಲ್ಲೇ ಶಿರಾ, ಉಪ್ಪಿಟ್ಟು, ಚಹಾ. ಮುಂದಿನ ನಾಲ್ಕು ಸಾಲು ಮುಂಜಾನೆಯೇ ತುಂಬಿರುತ್ತದೆ, ಬಂದವರೆಲ್ಲಾ ಕಾರ್ಖಾನೆಯ ಗಾಡಿಯಲ್ಲೇ ಬಂದವರು. ಒಬ್ಬೊಬ್ಬರಾಗಿ ಎದ್ದು "ನಮ್ಮ ಹುಡುಗರಿಗೆ ಕೆಲಸ ಸಿಗತೈತ್ರಿ, ಕಾರ್ಖಾನಿ ಬೇಕ್ರಿ" ಅನ್ನುತ್ತಾರೆ. ಹಿಂದಿನ ಸಾಲಿನಲ್ಲಿ ನಮ್ಮವರು. ಬೂದಿ ಬಿದ್ದು ಕಪ್ಪಾದ ಬಟ್ಟೆ, ವಾಸನೆ ಹೊಡೆಯುವ ಹಳ್ಳದ ನೀರಿನ ಬಾಟಲಿ ಹಿಡಿದು ಕೂಗುತ್ತಾರೆ. ಗದ್ದಲವಾಗುತ್ತದೆ. ನಡವಳಿಯಲ್ಲಿ ಏನು ಬರುತ್ತದೆ? "ಬಹುತೇಕರು ಸ್ವಾಗತಿಸಿದರು, ಕೆಲವರು ಆಕ್ಷೇಪಿಸಿದರು."

ಇದಕ್ಕೆ ಮದ್ದಿದೆ. ನೋಟಿಸ್ ಬಂದ ದಿನವೇ ನಾಲ್ಕು ಹುಡುಗರು ಡಿಸಿ ಕಚೇರಿಗೆ ಹೋಗಿ ವರದಿ ನೋಡಲಿ. ಪೂರ್ತಿ ಓದಬೇಕಿಲ್ಲ. ನೀರಿನ ಪುಟ ನೋಡಿ: ದಿನಕ್ಕೆ ಎಷ್ಟು ನೀರು, ಯಾವ ಹೊಳೆಯಿಂದ? ಬೂದಿ ಎಲ್ಲಿಗೆ ಹೋಗುತ್ತದೆ? ಬಾವಿ ನೀರಿನ ಮಾದರಿ ಯಾವ ಊರಿನದು, ಯಾವ ತಿಂಗಳದು? ಕೆಲವು ಸಲ ಹೊಳೆ ತುಂಬಿದ ಕಾಲದ ಮಾದರಿ ತೋರಿಸಿರುತ್ತಾರೆ. ಅದನ್ನು ಹಿಡಿದು "ಪುಟ ಇಂಥದ್ದು, ಕೋಷ್ಟಕ ಇಂಥದ್ದು, ಇಲ್ಲಿ ತಪ್ಪಿದೆ" ಎಂದು ಎರಡು ಪುಟ ಬರೆದು, ಸಭೆಗೆ ಮುಂಚೆಯೇ ಮಂಡಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆಯಲ್ಲಿ ಅದನ್ನೇ ನಿಧಾನವಾಗಿ ಓದಿ. ಲಿಖಿತ ಆಕ್ಷೇಪಣೆಗೆ ಕಾರ್ಖಾನೆಯವರು ಅಂತಿಮ ವರದಿಯಲ್ಲಿ ಉತ್ತರ ಬರೆಯಲೇಬೇಕು. ಕೂಗಿಗೆ ಉತ್ತರ ಬರೆಯಬೇಕಿಲ್ಲ.

ಎಚ್ಚರ ಒಂದೇ: ಎಲ್ಲ ವಿಸ್ತರಣೆಗೂ ಈ ಸಭೆ ಇರುವುದಿಲ್ಲ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಯೋಜನೆಗಾಗಿಯೇ ಕಟ್ಟುವ ಕೆಲವು ಬಗೆಯ ಡಿಸ್ಟಿಲರಿಗಳಿಗೆ ಕೇಂದ್ರ 2021ರಲ್ಲಿ ವಿನಾಯಿತಿಯ ದಾರಿ ತೆರೆಯಿತು. ಆ ವಿನಾಯಿತಿಯೂ ಒಂದು ನೀತಿಯೇ. ಅದರಿಂದ ಯಾರಿಗೆ ಅನುಕೂಲವಾಯಿತು ಎಂದು ಹೆಜ್ಜೆ 2ರ ಕಣ್ಣಿನಿಂದ ನೀವೇ ನೋಡಿ.

ಹೆಜ್ಜೆ 6: ಸೌಧದ ಒಳಗೆ, ಸೌಧದ ಹೊರಗೆ

2012ರ ಅಕ್ಟೋಬರ್ 11ರಂದು ಸುವರ್ಣ ವಿಧಾನಸೌಧ ಉದ್ಘಾಟನೆಯಾದಾಗಿನಿಂದ ನಮಗೆ ಒಂದು ಅನುಕೂಲ: ಚಳಿಗಾಲದಲ್ಲಿ ಸರ್ಕಾರವೇ ಬೆಳಗಾವಿಗೆ ಬರುತ್ತದೆ. ಕಾರ್ಯದರ್ಶಿಗಳು, ಮಂತ್ರಿಗಳ ಆಪ್ತರು ಎಲ್ಲರೂ ಒಂದೆರಡು ವಾರ ಇಲ್ಲೇ ಇರುತ್ತಾರೆ. ಪೊಲೀಸರು ಗೊತ್ತು ಮಾಡಿದ ಜಾಗದಲ್ಲಿ ಸಾಲು ಸಾಲು ಪೆಂಡಾಲು ಏಳುತ್ತವೆ. ಒಂದೇ ದಿನ ಹತ್ತಾರು ಧರಣಿ. ಮಂತ್ರಿ ಬಂದು ಮನವಿ ತಗೊಂಡು ಮುಂದಿನ ಪೆಂಡಾಲಿಗೆ ಹೋಗುತ್ತಾರೆ. ಅಲ್ಲಿ ಕೂತು ದಣಿಯುವ ಬದಲು ಅರ್ಧ ಶಕ್ತಿಯನ್ನು ಒಳಗೆ ಹಾಕಿ.

ಒಳಗೆ ಎಂದರೆ ಪ್ರಶ್ನೆ. ನಿಮ್ಮ ಶಾಸಕರು ಕೇಳದಿದ್ದರೆ ವಿಧಾನ ಪರಿಷತ್ತಿನ ಸದಸ್ಯರನ್ನು ಹಿಡಿಯಿರಿ, ವಿರೋಧ ಪಕ್ಷದವರಾದರೆ ಇನ್ನೂ ಒಳ್ಳೆಯದು. ಪ್ರಶ್ನೆಯನ್ನು ನೀವೇ ಬರೆದುಕೊಡಿ. "ನೇಕಾರರ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದರೆ "ಬಂದಿದೆ" ಎಂಬ ಉತ್ತರ ಬರುತ್ತದೆ. "ರಬಕವಿ-ಬನಹಟ್ಟಿಯಲ್ಲಿ 10 ಅಶ್ವಶಕ್ತಿ ಒಳಗಿನ ಎಷ್ಟು ಮಗ್ಗಗಳಿಗೆ ಉಚಿತ ವಿದ್ಯುತ್ ಜಾರಿಯಾಗಿದೆ, ತಿಂಗಳಿಗೆ 250 ಯೂನಿಟ್ ಮಿತಿ ದಾಟಿದವರು ಎಷ್ಟು?" ಎಂದರೆ ಅಂಕಿ ಬರುತ್ತದೆ. ಉಚಿತ ವಿದ್ಯುತ್ ಎಂದು 2023ರಲ್ಲಿ ಪೇಪರಿನಲ್ಲಿ ಓದಿ ಖುಷಿಪಟ್ಟ ನೇಕಾರನಿಗೆ ಆ 250ರ ಸಾಲು ಬಿಲ್ ಬಂದಾಗಲೇ ಕಂಡಿದ್ದು. ಎರಡೂ ಸದನಗಳಿಗೆ ಅರ್ಜಿ ಸಮಿತಿ ಇದೆ. ಸದಸ್ಯರೊಬ್ಬರ ಮೂಲಕ ಅರ್ಜಿ ಹೋದರೆ ಸಮಿತಿ ಅಧಿಕಾರಿಗಳನ್ನೇ ಕರೆದು ಕೇಳಬಹುದು.

ರಸ್ತೆ ಬೇಡವೇ? ಬೇಕು. ಗುರ್ಲಾಪುರದಲ್ಲಿ ಜನ ಕೂರದಿದ್ದರೆ ನವೆಂಬರ್ 7ರ ಸಭೆ ನಡೆಯುತ್ತಿರಲಿಲ್ಲ. ಆದರೆ ನವೆಂಬರ್ 13ನ್ನೂ ನೆನಪಿಡಿ. ಸರ್ಕಾರದ ದರ ಒಪ್ಪದೆ ಮುಧೋಳ ಭಾಗದಲ್ಲಿ ಹೋರಾಟ ಮುಂದುವರಿದಿತ್ತು. ಅಂದು ಕಬ್ಬು ತುಂಬಿದ ಟ್ರಾಲಿಗಳಿಗೆ ಬೆಂಕಿ ಬಿತ್ತು. ಮರುದಿನ ದರದ ಮಾತು ಹಿಂದೆ ಸರಿಯಿತು, ಬೆಂಕಿಯ ಮಾತು ಮುಂದೆ ಬಂತು. ಸುಟ್ಟದ್ದೂ ಯಾರೋ ರೈತನ ಬೆವರೇ. ಅದಕ್ಕೇ ಹೋರಾಟ ಶುರುವಾಗುವ ಮುಂಚೆಯೇ ಸ್ವಯಂಸೇವಕರನ್ನು ಗೊತ್ತು ಮಾಡಿ, ಪೊಲೀಸರಿಗೆ ಲಿಖಿತ ತಿಳಿಸಿ, ಆಂಬುಲೆನ್ಸಿಗೆ ದಾರಿ ಬಿಡಿ, ಮೊಬೈಲಿನಲ್ಲಿ ಎಲ್ಲಾ ರೆಕಾರ್ಡ್ ಮಾಡಿಸಿ.

ಹೆಜ್ಜೆ 7: ಕೋಣೆಗೆ ಕರೆದಾಗ

ಒಂದು ದಿನ ಕರೆ ಬರುತ್ತದೆ: "ಐದು ಜನ ಬರ್ರಿ, ಮಾತಾಡೋಣು." ಯಾರು ಹೋಗಬೇಕು ಎಂದು ಆಗ ಜಗಳ ಶುರುವಾಗುತ್ತದೆ. ಮೊದಲೇ ತೀರ್ಮಾನ ಮಾಡಿ. ಒಬ್ಬ ಮಾತಾಡುವವನು, ಒಬ್ಬ ಲೆಕ್ಕದವನು, ಒಬ್ಬ ಬರೆದುಕೊಳ್ಳುವವನು. ಒಬ್ಬ ಹೆಣ್ಣುಮಗಳು ಇದ್ದರೆ ಇನ್ನೂ ಒಳ್ಳೆಯದು, ಮನೆಯ ಸಾಲದ ಲೆಕ್ಕ ನಮ್ಮಲ್ಲಿ ಅವರಿಗೇ ಜಾಸ್ತಿ ಗೊತ್ತು. ಎಷ್ಟಕ್ಕೆ ಒಪ್ಪಬಹುದು ಎಂಬ ಕೊನೆಯ ಗೆರೆಯನ್ನು ಹೊರಗೆ ಕೂತವರ ಎದುರೇ ಎಳೆದು ಹೋಗಿ. ಇಲ್ಲವಾದರೆ ಹೊರಗೆ ಬಂದ ಮೇಲೆ "ಮಾರಿಕೊಂಡ" ಎಂಬ ಮಾತು ಜೀವನಪೂರ್ತಿ ಬೆನ್ನಿಗೆ ಅಂಟುತ್ತದೆ.

ಕೋಣೆಯಲ್ಲಿ ಸಿಗುವುದು ಮಾತು. ಮಾತು ನಡವಳಿಯಾಗಬೇಕು, ನಡವಳಿ ಆದೇಶವಾಗಬೇಕು, ಆದೇಶಕ್ಕೆ ಹಣ ಬಿಡುಗಡೆಯಾಗಬೇಕು. ಈ ನಾಲ್ಕು ಮೆಟ್ಟಿಲಲ್ಲಿ ಎಲ್ಲಿ ಬೇಕಾದರೂ ಫೈಲು ಮಲಗುತ್ತದೆ. ಆದೇಶದ ಸಂಖ್ಯೆ, ದಿನಾಂಕ ಸಿಗುವವರೆಗೆ ಹಾರ ಹಾಕಬೇಡಿ, ಪಟಾಕಿ ಹೊಡೆಯಬೇಡಿ.

ಕೋರ್ಟಿನ ದಾರಿಯೂ ಇದೆ. ಬೆಳಗಾವಿಯ ಹಲಗಾ–ಮಚ್ಛೆ ಬೈಪಾಸ್ ವಿಷಯದಲ್ಲಿ ಫಲವತ್ತಾದ ಗದ್ದೆ ಕಳೆದುಕೊಳ್ಳುವ ರೈತರು ಕೋರ್ಟಿಗೆ ಹೋಗಿ ಹಲವು ಸಲ ಕೆಲಸ ನಿಲ್ಲಿಸಿದರು. ಆದರೆ ವರ್ಷಗಳು ಹೋಗುತ್ತವೆ, ವಕೀಲರ ಫೀ ಹೋಗುತ್ತದೆ. ಬೇರೆಲ್ಲಾ ಬಾಗಿಲು ತಟ್ಟಿದ ದಾಖಲೆ ಇದ್ದರೆ ಅಲ್ಲಿ ನಿಮ್ಮ ಮಾತಿಗೆ ಬೆಲೆ.

ಹೆಜ್ಜೆ 8: ನಮ್ಮ ಒತ್ತಡದ ತುದಿಯಲ್ಲಿ ಯಾರಿದ್ದಾರೆ?

ಇದನ್ನು ಯಾರೂ ಕೇಳುವುದಿಲ್ಲ, ನಾನೂ ಬಹಳ ದಿನ ಕೇಳಿಕೊಂಡಿರಲಿಲ್ಲ. ಮಹದಾಯಿ ನೀರು ಬರಲಿ ಎಂದು ನಮ್ಮ ಬಯಲುಸೀಮೆಯವರು ದಶಕಗಳಿಂದ ಹೋರಾಡಿದ್ದಾರೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, 2020ರಲ್ಲಿ ಗೆಜೆಟ್‌ಗೂ ಬಂತು. ಅದೇ ಬೆಳಗಾವಿ ಜಿಲ್ಲೆಯ ಖಾನಾಪುರ, ಕಣಕುಂಬಿ ಕಡೆಯ ಪರಿಸರದವರು ಕಾಡು ಹೋಗುತ್ತದೆ, ಮಲಪ್ರಭೆಯ ಹುಟ್ಟೂರೇ ಒಣಗುತ್ತದೆ ಎಂದು ಎದುರು ನಿಂತಿದ್ದಾರೆ. ಅವರದೂ ಒತ್ತಡ ಗುಂಪೇ. ಎದುರಿನವರ ಮನವಿಯನ್ನು ಒಮ್ಮೆ ಪೂರ್ತಿ ಓದಿ. ಅಧಿಕಾರಿ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ಅದರಿಂದಲೇ ಬರುತ್ತದೆ.

ನಮ್ಮೂರಿನ ಕರೆಂಟಿನಲ್ಲೂ ಹಾಗೇ ಆಯಿತು. ಕೊನೆಗೆ ಸರಿಯಾದ ಕಚೇರಿಗೆ ಹೋದಾಗ ಅಲ್ಲಿಯ ಇಂಜಿನಿಯರ್ ಹೇಳಿದರು: "ನಿಮಗ ಹಗಲಿ ಕೊಟ್ರ ಆಚೆ ಊರಿಗೆ ರಾತ್ರಿ ಕೊಡಬೇಕಾಗ್ತದರಿ." ಆಚೆ ಊರು ನಮ್ಮ ಅಕ್ಕನ ಗಂಡನ ಮನೆ. ಎರಡೂ ಊರಿನವರು ಒಂದು ಸಂಜೆ ಕೂತು, ವಾರ ಹಗಲು, ವಾರ ರಾತ್ರಿ ಎಂದು ಒಪ್ಪಿ, ಎರಡೂ ಪಂಚಾಯಿತಿಯ ಠರಾವು ಜೋಡಿಸಿ ಒಂದೇ ಮನವಿ ಕೊಟ್ಟೆವು. ಫೋಟೋ ತೆಗೆಯಲು ಯಾರೂ ಬರಲಿಲ್ಲ. ಹೊರಗೆ ಬಂದಾಗ ಕಾಕಾ ಗೇಟಿನ ಹತ್ತಿರ ಬೀಡಿ ಹಚ್ಚಿ ನಿಂತಿದ್ದ. ಮನವಿ ಕೊಟ್ಟಿರಾ ಎಂದು ಕೇಳಲಿಲ್ಲ. "ನಂಬರ್ ಹಾಕಿಸಿಕೊಂಡ್ಯಾ?" ಅಂದ.